ಇಸ್ತ್ರಿ ಕೋಣೆಯ ಕಿಟಕಿ

ಪ್ರೀತಿಯ ಮಗಳೇ,

ಅಂಚೆಗೆ ಕಾಯದೆ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಮೊದಲು ಇಸ್ತ್ರಿ ಕೋಣೆಯ ಕಿಟಕಿಗೆ ನಾನು ಹೊಡೆದ ಮೊಳೆಗಳನ್ನು ಕೀಳು. ಆಮೇಲೆ ಓದು.

ಅರವತ್ತಮೂರಕ್ಕೆ ಅಪ್ಪ ಶಾಲೆಗೆ ಹೊರಟ ಎಂದು ನಕ್ಕಿದ್ದೆಯಲ್ಲ, ಆ ವಯಸ್ಕರ ಶಾಲೆಯಲ್ಲಿ ನಿನ್ನೆ ವಿಜ್ಞಾನದ ಪಾಠವಿತ್ತು. "ಮುಚ್ಚಿದ ಕೋಣೇಲಿ ಇದ್ದಿಲು ಉರಿದ್ರೆ ವಿಷದ ಗಾಳಿ ತುಂಬ್ಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ, ಆಮೇಲೆ ಎಚ್ಚರಾನೇ ಆಗಲ್ಲ" ಅಂದರು ಟೀಚರ್. ಮುಂದಿನದೇನೂ ಕಿವಿಗೆ ಬೀಳಲಿಲ್ಲ.

ಆ ಕೋಣೆಯಲ್ಲಿ ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಮಾಡುತ್ತ ನಿನ್ನಮ್ಮ ದಿನವೂ ಹೇಳುತ್ತಿದ್ದಳು, "ತಲೆ ಸಿಡೀತಿದೆ, ಕಿಟಕಿ ತೆಗೀರಿ." ನಾನು, "ಗಾಳಿಗೆ ಇಸ್ತ್ರಿಪೆಟ್ಟಿಗೆ ಬೂದಿ ಹಾರಿ ಬಿಳಿ ಅಂಗಿ ಮೇಲೆ ಕೂರುತ್ತೆ, ಸುಮ್ನಿರು" ಅನ್ನುತ್ತಿದ್ದೆ. ಆ ಮಧ್ಯಾಹ್ನ ಬಟ್ಟೆಯ ಗಂಟಿಗೆ ತಲೆಯಿಟ್ಟು ಮಲಗಿದವಳು ಏಳಲೇ ಇಲ್ಲ. ಹೃದಯ ನಿಂತುಹೋಯಿತು ಎಂದರು. ನಾನೂ ನಂಬಿದ್ದೆ.

ಹೋದ ಪತ್ರದಲ್ಲಿ ನೀನು, ಇಸ್ತ್ರಿ ಮಾಡುತ್ತ ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆ, ನನಗೂ ಅಮ್ಮನ ಚಾಳಿ ಬಂದಿದೆ ಎಂದು ತಮಾಷೆಗೆ ಬರೆದಿದ್ದೆ. ಅದು ಚಾಳಿಯಲ್ಲ, ಮಗಳೇ.

ಮೊಳೆ ಕಿತ್ತೆಯಾ? ಬೂದಿ ಬಿದ್ದರೆ ಬೀಳಲಿ. ಅಂಗಿಯನ್ನು ಮತ್ತೆ ಒಗೆಯಬಹುದು.

ಕಿಟಕಿ ತೆಗೆದೆ ಎಂದು ಡ್ರೈವರ್ ಹತ್ತಿರ ಹೇಳಿ ಕಳಿಸು. ನಿಲ್ದಾಣದಲ್ಲೇ ಕೂತಿರುತ್ತೇನೆ.

ನಿನ್ನ ಅಪ್ಪ