ಶಿವದಾರದ ಕೆಳಗಿನ ಗಂಟು

ಗುಂಡ್ಲುಪೇಟೆ, 14-11-1956, ಬುಧವಾರ

ಕುತ್ತಿಗೆಯ ಗಂಟು ಶಿವದಾರ ಉಜ್ಜಿ ಎದ್ದದ್ದೆಂದು ದಾರವನ್ನೇ ಬದಲಾಯಿಸಿದ್ದೆ. ಕರಗಲಿಲ್ಲ. ಇಂದು ಚಾಮರಾಜನಗರದ ಡಾಕ್ಟರು ಒತ್ತಿ, "ನೋವಿಲ್ಲವೇ?" ಎಂದರು. ಇಲ್ಲವೆಂದೆ. ಕೊಬ್ಬಿನ ಗಂಟಿರಬಹುದು, ಕ್ಷಯದ್ದೂ ಇರಬಹುದು, ಮೈಸೂರಿನಲ್ಲಿ ಕೊಯ್ದು ನೋಡಿದರೆ ತಿಳಿಯುತ್ತದೆ ಎಂದರು. ಆಮೇಲೆ ಮಗ ನೀಲಕಂಠಸ್ವಾಮಿಯನ್ನು ಹೊರಗೆ ಕರೆದರು. ಗಂಟು ನನ್ನದು, ಮಾತು ಅವನೊಡನೆ ಏಕೆ?

ಬಸ್ಸಿನಲ್ಲಿ ಕೇಳಿದೆ. "ಬರೀ ಕೊಬ್ಬು ಕಣವ್ವ, ಸುಮ್ಕಿರು" ಎಂದು ಕಿಟಕಿಯತ್ತ ತಿರುಗಿದ.

ಮನೆಗೆ ಬಂದವನೇ ಹೆಂಡತಿಯೊಡನೆ ಪಿಸುಗುಟ್ಟಿದ. ನೋಡೋಣವೆಂದು, ಸರಿಯಿದ್ದ ಸಾರನ್ನು ಉಪ್ಪೆಂದು ಬೈದೆ. ಅವಳ ತವರನ್ನೂ ಮಾತಿಗೆಳೆದೆ. ಒಂದಕ್ಕೆರಡು ಆಡುವ ಸೊಸೆ ಮಲ್ಲಾಜಮ್ಮ, "ತೆಪ್ಪಾಯ್ತು ಕಣತ್ತೆ, ಬ್ಯಾರೆ ಮಾಡ್ಕೊಡ್ತೀನಿ, ಉಣ್ಣಿ" ಎಂದಳು.

ಅವಳು ತಿರುಗಿ ಜಗಳವಾಡಿದ್ದರೆ ಈಗ ನಿದ್ದೆ ಬರುತ್ತಿತ್ತು.