ಅಫಜಲಪುರದಲ್ಲಿ ಆಡದ ಫೈನಲ್

ಜಸ್ಮೀನ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಬರೆಯದೆ ಕೂರಲಾಗುತ್ತಿಲ್ಲ.

ಇವತ್ತು ಆಳಂದದಲ್ಲಿ ನನ್ನೂರು ಸರಸಂಬಾಕ್ಕೆ ಹೋಗುವ ಬಸ್ಸು ಹೊರಟಾಗ ನೀನು ಹಿಂದೆ ಓಡಿಬಂದೆ. ನಿಖಾಬಿನಲ್ಲಿ ಮುಖ ಕಾಣಲಿಲ್ಲ. ಆದರೆ ಬಸ್ ನಿಲ್ದಾಣದ ಗೇಟಿನ ಕಂಬವನ್ನು ಒಂದೇ ಕೈಯಲ್ಲಿ ಹಿಡಿದು, ವೇಗ ತಗ್ಗಿಸದೆ ತಿರುಗಿದೆಯಲ್ಲ, ಹಾಗೆ ತಿರುಗುವವಳು ನಮ್ಮ ಕಾಲೇಜಿನ ಖೋ ಖೋ ತಂಡದಲ್ಲಿ ಒಬ್ಬಳೇ ಇದ್ದಳು.

"ಏನ್ ಓಡ್ತಿಯವ್ವಾ! ಪೊಲೀಸ್ ನೌಕರಿಗಿ ಹೋಗಬೇಕಿತ್ತು ನೀ," ಎಂದ ಕಂಡಕ್ಟರ್.

"ಹೋಗ್ತಿದ್ದೆರೀ ಅಣ್ಣಾ, ಸರ್ಟಿಫಿಕೇಟ್ ಸಿಗಲಿಲ್ಲ," ಎಂದು ನಕ್ಕು, ನೀನು ನನ್ನ ಮುಂದಿನ ಸೀಟಿನಲ್ಲಿ ಕೂತೆ.

ಅಂದು ಅಫಜಲಪುರದ ಖೋ ಖೋ ಫೈನಲ್ ಬಹಿಷ್ಕರಿಸೋಣ ಎಂದವಳು ನಾನು. ಉಳಿದುಕೊಳ್ಳಲು ಹುಡುಗರಿಗೆ ಲಾಡ್ಜ್, ನಮಗೆ ಶೌಚಾಲಯವಿಲ್ಲದ ವರಾಂಡ. ಅದು ಅನ್ಯಾಯವೇ, ಈಗಲೂ ಹೇಳುತ್ತೇನೆ. ನಾನು ಬರೆದ ಕರಪತ್ರಕ್ಕೆ ನಾಯಕಿಯಾದ ನೀನು ಓದದೆಯೇ ಮೊದಲ ಸಹಿ ಹಾಕಿದೆ. "ಪ್ರಾಚಿ ಬರದಾಳಂದ್ರ ಖರೇನೇ ಇರ್ತದ," ಅಂದಿದ್ದೆ. ಆಡಿದ್ದರೆ ಕ್ರೀಡಾ ಕೋಟಾದ ಸರ್ಟಿಫಿಕೇಟ್ ಸಿಗುತ್ತಿತ್ತು. ನಿನಗದು ಬೇಕೇ ಎಂದು ನಾನು ಕೇಳಲೇ ಇಲ್ಲ.

ಕಂಡಕ್ಟರ್ ನನ್ನ ಬಳಿ ಬಂದ. "ಎಲ್ಲಿಗ್ರಿ?"

ಬಾಯಿ ತೆರೆದರೆ ನಿನಗೆ ನನ್ನ ದನಿ ಗೊತ್ತಾಗುತ್ತಿತ್ತು. ಚೌಕದಲ್ಲಿ ನಿಂತು ಭಾಷಣ ಮಾಡುವ ನಾನು ಹೆಂಗಸರ ಉಚಿತ ಟಿಕೆಟ್ಟಿಗಾಗಿ ಆಧಾರ್ ಕಾರ್ಡನ್ನಷ್ಟೇ ಮುಂದೆ ಹಿಡಿದೆ.

"ಊರ ಹೇಳವ್ವಾ, ಬಾಯಿಲ್ಲೇನು?"

ನೀನು ಹಿಂದೆ ತಿರುಗಲಿಲ್ಲ. "ಆಕಿಗಿ ಸರಸಂಬಾ ಕೊಡ್ರಿ," ಎಂದೆ.

ನಾನು ಟಿಕೆಟ್ ತೆಗೆದುಕೊಂಡು, ಸರಸಂಬಾ ಬರುವ ಮೊದಲೇ ಇಳಿದುಬಿಟ್ಟೆ.