ನಾಲ್ಕನೇ ಸಲದ ಸಾರು

ಕುಷಾಯಿಗೂಡ, ಹೈದರಾಬಾದ್
೯ ಆಗಸ್ಟ್ ೧೯೮೩, ಮಂಗಳವಾರ

ಪ್ರೀತಿಯ ಅಣ್ಣನಿಗೆ (‘ಪ್ರೀತಿಯ’ ಎಂಬುದು ಬರೆದೂ ಬರೆದೂ ಕೈಗೆ ರೂಢಿಯಾದದ್ದು, ಇವತ್ತಿನ ಮಟ್ಟಿಗೆ ಅದನ್ನು ಬಿಟ್ಟು ಓದಿಕೋ) ತಮ್ಮ ಗುರುರಾಜನ ನಮಸ್ಕಾರ.

ನಿನ್ನ ಆರೋಗ್ಯ ಹೇಗಿದೆ? ನಲಿನಿ ವೈನಿಯ ಮೊಣಕಾಲು ನೋವು ಕಡಿಮೆಯಾಯಿತೆ? ದಿಲ್ಲಿಯಲ್ಲಿ ಸೆಕೆ ಇಳಿಯಿತೆ? ಎಷ್ಟೇ ಸಿಟ್ಟಿದ್ದರೂ ಕಾಗದದಲ್ಲಿ ಮೊದಲು ಕ್ಷೇಮ ಕೇಳಬೇಕೆಂದು ಚಿಕ್ಕಂದಿನಲ್ಲಿ ನೀನೇ ಕಲಿಸಿದ್ದು. ಕೇಳಿದ್ದಾಯಿತು. ಇಲ್ಲಿ ನಾನೂ ನೀಲಾಳೂ ಗಂಡಹೆಂಡಿರಿಬ್ಬರೂ ಆರೋಗ್ಯ. ಅಮ್ಮ ನಮ್ಮಿಬ್ಬರಿಗಿಂತ ಆರೋಗ್ಯ. ಈ ಕೊನೆಯ ಮಾತನ್ನು ನೀನು ನಂಬುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಈ ಕಾಗದ.

ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ ನಿನ್ನ ಲಕೋಟೆ ಬಂತು. ಒಳಗೆ ಅಮ್ಮನ ಹೆಸರಿನ ರೈಲು ಟಿಕೆಟ್ಟು: ಇಪ್ಪತ್ತೆರಡನೇ ತಾರೀಖು ಸೋಮವಾರ, ಸಿಕಂದರಾಬಾದಿನಿಂದ ದಿಲ್ಲಿಗೆ, ಕೆಳಗಿನ ಬರ್ತು. ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ಇಲ್ಲ. ಜೊತೆಗೆ ಕಡತದ ಮೇಲೆ ಷರಾ ಬರೆದ ಹಾಗೆ ಮೂರು ಸಾಲು: ‘ಅಮ್ಮನನ್ನು ಗಾಡಿ ಹತ್ತಿಸು. ಇನ್ನು ಮೇಲೆ ಆಕೆ ನನ್ನ ಹತ್ತಿರವೇ ಇರಲಿ. ನಿಮ್ಮನ್ನು ದೂರುವುದಿಲ್ಲ, ಆದರೆ ಅಂದಿನ ಊಟ ಕಂಡ ಮೇಲೆ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತಿಲ್ಲ.’ ಅಣ್ಣಾ, ಅಂದು ಆ ಗಂಟಲಲ್ಲಿ ತುತ್ತು ಎಷ್ಟು ಸಲೀಸಾಗಿ ಇಳಿಯಿತೆಂಬುದಕ್ಕೆ ಬಡಿಸಿದ ನಾನೇ ಸಾಕ್ಷಿ. ಆ ವಿಷಯಕ್ಕೆ ಬರುತ್ತೇನೆ, ತಾಳು.

ಹೋದ ತಿಂಗಳು ಇಪ್ಪತ್ತೊಂಬತ್ತಕ್ಕೆ ನೀನು ಆಫೀಸಿನ ಕೆಲಸದ ಮೇಲೆ ಈ ಊರಿಗೆ ಬಂದವನು, ಮೊದಲು ಸುದ್ದಿ ಕೊಡದೆ ಸಂಜೆ ಏಳಕ್ಕೆ ನಮ್ಮ ಬಾಗಿಲು ತಟ್ಟಿದೆ. ನೀಲಾಗೆ ಆ ವಾರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಂಜೆ ಡ್ಯೂಟಿ. ಅವಳಿಗೆ ಸಂಜೆ ಡ್ಯೂಟಿ ಬಿದ್ದ ವಾರ ರಾತ್ರಿಯ ಅಡುಗೆ ನನ್ನದು. ಮೂರು ವರ್ಷದಿಂದ ಹೀಗೇ ನಡೆದಿದೆ. ಇಡೀ ದಿನ ಕಾಲೇಜಿನಲ್ಲಿ ಹುಡುಗರ ತಲೆಯೊಳಗೆ ಪಾಠ ಬೇಯಿಸಿ ಬಂದವನಿಗೆ ಬೇಳೆ ಬೇಯಿಸುವುದು ವಿಶ್ರಾಂತಿ. ಬೇಳೆಯಾದರೂ ಬೇಯುತ್ತದೆ. ಆ ಸಂಜೆ ನಿನಗಾಗಿ ಅಂಗಡಿಗೆ ಓಡಲಿಲ್ಲ, ನೆರೆಮನೆಯಲ್ಲಿ ಕೇಳಲಿಲ್ಲ. ಡಬ್ಬಿಗಳಲ್ಲಿ ಇದ್ದದ್ದು ಹೆಸರುಬೇಳೆ, ಉದ್ದಿನಬೇಳೆ, ಕರಿಮೆಣಸು, ಜೀರಿಗೆ, ಅರ್ಧ ಹೋಳು ತೆಂಗಿನಕಾಯಿ, ಬೇಸಿಗೆಯಲ್ಲಿ ಅಮ್ಮ ಮಾಳಿಗೆಯ ಮೇಲೆ ಒಣಗಿಸಿಟ್ಟ ಮಾವಿನಕಾಯಿ ಹೋಳು. ಹೆಸರುಬೇಳೆಯನ್ನು ಘಮ್ಮೆನ್ನುವ ತನಕ ಹುರಿದು ಮೆತ್ತಗೆ ಬೇಯಿಸಿ ತೊವ್ವೆ ಮಾಡಿದೆ. ಮೆಣಸು ಜೀರಿಗೆ ಕಲ್ಲಿನಲ್ಲಿ ಕುಟ್ಟಿ, ನೆನೆಸಿದ ಮಾವಿನ ಹೋಳಿನ ಹುಳಿ ಹಿಂಡಿ ಸಾರು ಕುದಿಸಿದೆ. ಹುರಿದ ಉದ್ದಿನಬೇಳೆಗೆ ಕೊಬ್ಬರಿ ಸೇರಿಸಿ ಚಟ್ನಿ ಅರೆದೆ. ಬಿಸಿ ಅನ್ನ, ತುಪ್ಪ, ಸುಟ್ಟ ಹಪ್ಪಳ, ಗಟ್ಟಿ ಮೊಸರು. ನಲವತ್ತು ನಿಮಿಷದಲ್ಲಿ ಮಣೆ ಹಾಕಿದೆ. ಹೆಸರಿಗೆ ತಕ್ಕ ಗುರುರಾಜನೋ ಅಲ್ಲವೋ, ಹೆಸರುಬೇಳೆಗೆ ಮಾತ್ರ ನಾನೇ ಗುರು, ನಾನೇ ರಾಜ.

ನೀನು ತಟ್ಟೆಯ ಸುತ್ತ ಒಮ್ಮೆ ಕಣ್ಣಾಡಿಸಿ, ‘ಯಾಕೋ ಗುರು, ಪಲ್ಯ ಇಲ್ಲೇನು?’ ಅಂದೆ. ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತೀ ಎಂದುಕೊಂಡೆ. ‘ಈ ತಿಂಗಳು ನಮ್ಮನ್ಯಾಗ ಪಲ್ಯಕ್ಕ ರಜಾ ಕೊಟ್ಟೀವಿ ಅಣ್ಣಾ’ ಅಂದೆ. ನೀನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅಲ್ಲಿ ಏಕಾದಶಿ ನೋಡುವ ಬದಲು ತಿಂಗಳ ಕೊನೆ ನೋಡಿ ನಮ್ಮ ಕೈ ಖಾಲಿಯೆಂದುಕೊಂಡೆಯಲ್ಲ, ಏನು ಹೇಳಲಿ! ಆಷಾಢದ ಏಕಾದಶಿ ಕಳೆದು ಎಂಟು ದಿನವಾಗಿತ್ತು, ಮಹಾರಾಯ. ಶಾಕವ್ರತದ ತಿಂಗಳು. ಕಾಯಿಪಲ್ಲೆ, ಸೊಪ್ಪು, ಹುಣಿಸೆ, ಮೆಣಸಿನಕಾಯಿ, ತೊಗರಿಬೇಳೆ, ಅರಿಶಿನ ಸಹ ಅಮ್ಮ ಮುಟ್ಟದ ತಿಂಗಳು. ಅಮ್ಮನಿಗೆ ಬೇರೆ, ನಮಗೆ ಬೇರೆ ಎಂದು ನಮ್ಮ ಮನೆಯಲ್ಲಿ ಎರಡು ಅಡುಗೆ ಇಲ್ಲ. ಅವಳು ಬಿಟ್ಟದ್ದನ್ನು ನಾವೂ ಬಿಡುತ್ತೇವೆ. ನನಗೆ ಆರು ವರ್ಷವಿದ್ದಾಗ ಬದನೆಕಾಯಿ ಬೇಕೆಂದು ಅತ್ತರೆ, ‘ಸುಮ್ಮನಿರು, ಅಮ್ಮನ ವ್ರತ ಅದ’ ಎಂದು ಬೆನ್ನಿಗೊಂದು ಗುದ್ದಿದವನು ನೀನು. ಆ ಗುದ್ದು ನನಗೆ ಇನ್ನೂ ನೆನಪಿದೆ. ವ್ರತ ನಿನಗೆ ಮರೆತಿದೆ. ಮನೆಯ ಹಿರಿಯ ಮಗನಿಗೆ ಇದು ಚಾತುರ್ಮಾಸವೆಂದು ಬಿಡಿಸಿ ಹೇಳಬೇಕಾಗುತ್ತದೆಂದು ನನ್ನ ಕನಸಿನಲ್ಲೂ ಹೊಳೆಯಲಿಲ್ಲ. ಶಾಕವ್ರತದಲ್ಲಿ ಇಂಥ ಶಾಕು ಕೊಟ್ಟವನು ನಮ್ಮ ವಂಶದಲ್ಲಿ ನೀನೇ ಮೊದಲು.

‘ಅಮ್ಮ ಒಂದೇ ಒಂದು ಮಾತಾಡಲಿಲ್ಲ, ಬರೀ ನನ್ನ ಮುಖ ನೋಡುತ್ತಿದ್ದಳು, ಆ ಕಣ್ಣುಗಳೇ ಎಲ್ಲ ಹೇಳಿದವು’ ಎಂದು ನೀನು ಬರೆದದ್ದನ್ನೂ ಓದಿದೆ. (ಯಾರಿಗೆ ಬರೆದದ್ದು, ನಾನು ಹೇಗೆ ಓದಿದೆ, ಅದು ಮುಂದೆ.) ಕಣ್ಣು ಏನು ಹೇಳಿದವೋ ನಾ ಕಾಣೆ. ಬಾಯಿ ಹೇಳದಿದ್ದುದಕ್ಕೆ ಕಾರಣ ದುಃಖವಲ್ಲ, ವ್ರತ. ಹೋದ ವರ್ಷದಿಂದ ಅಮ್ಮ ಚಾತುರ್ಮಾಸದಲ್ಲಿ ದೀಪ ಹಚ್ಚಿದ ಮೇಲೆ ಬೆಳಗಿನ ತನಕ ಮೌನ ಹಿಡಿದಿದ್ದಾಳೆ. ಇದು ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಹೇಳದ್ದು ನನ್ನ ತಪ್ಪು, ಅದನ್ನೂ ಒಪ್ಪಿದೆ. ಆದರೆ ಮಾರನೇ ದಿನ ಬೆಳಿಗ್ಗೆ ಬಂದು ‘ಅಮ್ಮಾ, ಹೆಂಗಿದ್ದೀ?’ ಎಂದು ಕೇಳಿದ್ದರೆ ಅವಳು ತಡೆಹಿಡಿದ ಮಾತನ್ನೆಲ್ಲ ಸೇರಿಸಿ ನಿನ್ನನ್ನು ಮಧ್ಯಾಹ್ನದವರೆಗೆ ಏಳಗೊಡುತ್ತಿರಲಿಲ್ಲ. ಅಥವಾ ದಿಲ್ಲಿಯಿಂದ ಮೂರು ನಿಮಿಷದ ಟ್ರಂಕ್ ಕಾಲ್ ಮಾಡಬಹುದಿತ್ತು. ಇಡೀ ದೇಶಕ್ಕೆ ಲೈನು ಜೋಡಿಸಿಕೊಡುವ ನೀಲಾ ಗಂಡನಿಗೂ ಭಾವನಿಗೂ ಜೋಡಿಸುತ್ತಿರಲಿಲ್ಲವೆ?

ಬದಲಿಗೆ ನೀನು ಮಾಡಿದ್ದೇನು? ಸಾರು ಉಂಡು ಹೋದವನು ಊರಿಗೆಲ್ಲ ಸಾರಿದೆ. ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟಿರುವ ನಿನ್ನ ಕಾಲೇಜಿನ ಗೆಳೆಯ ಅಮರೇಶಪ್ಪನವರಿಗೆ ಎರಡು ಪುಟದ ಕಾಗದ ಬರೆದೆ. ಮೊನ್ನೆ ಭಾನುವಾರ ಬೆಳಿಗ್ಗೆ ಆ ಪುಣ್ಯಾತ್ಮರು ಆಟೋದಲ್ಲಿ ಎರಡು ಬುಟ್ಟಿ ಬದನೆಕಾಯಿ, ಹೀರೇಕಾಯಿ, ಬೆಂಡೆ, ಮೆಂತ್ಯದ ಸೊಪ್ಪು ಹೇರಿಕೊಂಡು ನಮ್ಮ ಓಣಿಗೆ ಬಂದಿಳಿದರು. ನೀಲಾ ಬಾಗಿಲು ತೆಗೆದಳು. ಅವರು ದನಿ ತಗ್ಗಿಸಿ (ಅವರ ತಗ್ಗಿದ ದನಿ ಮೂರು ಮನೆಗೆ ಕೇಳುತ್ತದೆ), ‘ಸಂಕೋಚ ಮಾಡ್ಕೋಬ್ಯಾಡ್ರಿ ತಂಗೀ, ಶ್ರೀನಿವಾಸ ಎಲ್ಲಾ ಬರದಾನ. ಯಾರ ಮನ್ಯಾಗ ಕಷ್ಟ ಇರಂಗಿಲ್ಲ ಹೇಳ್ರಿ? ವಾರಕ್ಕೊಮ್ಮೆ ನಾನೇ ತಂದು ಹಾಕ್ತೀನಿ’ ಅಂದರು. ನಿನ್ನ ಕಾಗದವನ್ನೂ ಜೇಬಿನಿಂದ ತೆಗೆದು ಅವಳ ಕೈಗೇ ಕೊಟ್ಟರು. ‘ಸೊಸೆ ಆ ಹೊತ್ತಿಗೆ ಮನೆಯಲ್ಲೇ ಇರಲಿಲ್ಲ’ ಎಂಬ ನಿನ್ನ ಸಾಲನ್ನು ನೀಲಾ ನಿಂತುಕೊಂಡೇ ಓದಿದಳು. ಅಷ್ಟರಲ್ಲಿ ಅಮ್ಮ ಹೊರಗೆ ಬಂದು, ‘ಇವನ್ನ ನಾ ಮುಟ್ಟಂಗಿಲ್ಲೋ ಅಮರೇಶಪ್ಪಾ’ ಅಂದಳು. ಅವರು ಅದನ್ನು ಸ್ವಾಭಿಮಾನವೆಂದು ತಿಳಿದು, ‘ಎಂಥಾ ದೊಡ್ಡ ಜೀವ!’ ಎಂದು ಕಣ್ಣೊರೆಸಿಕೊಂಡರು. ವ್ರತದ ಸಂಗತಿ ಹೇಳಿ ಅವರನ್ನು ನಂಬಿಸುವ ಹೊತ್ತಿಗೆ ಎರಡು ಸಲ ಚಹಾ ಆಯಿತು. ಪಾಪ, ಅವರ ತಪ್ಪೇನಿಲ್ಲ. ಬುಟ್ಟಿಗಳನ್ನು ನೆರೆಮನೆಗಳಿಗೆ ಹಂಚಿದೆವು. ಎದುರುಮನೆಯಾಕೆ ತೆಲುಗಿನಲ್ಲಿ, ‘ಇಂಟ್ಲೋ ಪೆಳ್ಳಾ ಅಂಡಿ?’ ಎಂದು ಕೇಳಿದಳು. ಮದುವೆಯಲ್ಲ ತಾಯಿ, ಮರ್ಯಾದೆಯ ಮೆರವಣಿಗೆ ಅನ್ನಬೇಕೆನಿಸಿತು.

ನೀಲಾ ಅಳಲಿಲ್ಲ. ಅತ್ತಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ. ಅಂದು ಸಂಜೆ ಅವಳು ಡ್ಯೂಟಿ ಬದಲಾಯಿಸಿಕೊಳ್ಳಲೇ ಎಂದು ಕೇಳಿದಳು, ಅಷ್ಟೇ. ಹದಿನಾಲ್ಕು ವರ್ಷದಿಂದ ಅಮ್ಮನ ಜೊತೆ ಬಾಳಿದವಳು ಒಂದೇ ಕಾಗದಕ್ಕೆ ಈ ಮನೆಯಲ್ಲಿ ಅತಿಥಿಯ ಹಾಗೆ ಕೇಳುವಂತಾದಳು.

ನಿನಗೆ ತಿಳಿಯದ ಇನ್ನೊಂದು ಮಾತಿದೆ. ನನಗೆ ನಿಜವಾದ ಅಡುಗೆ ಕಲಿಸಿದ್ದು ಹೋದ ವರ್ಷದಿಂದ ಅಮ್ಮನ ಈ ಮೌನ. ನಾನು ಸ್ಟೋವಿನ ಮುಂದೆ ನಿಂತರೆ ಅವಳು ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿ ಕೂಡುತ್ತಾಳೆ. ಒಂದು ಬೆರಳು ಎತ್ತಿದರೆ ಉಪ್ಪು ಇನ್ನೊಂದು ಚಿಟಿಕೆ. ಎರಡು ಬೆರಳೆಂದರೆ ಮೆಣಸು. ಅಂಗೈ ಕೆಳಗೆ ಒತ್ತಿದರೆ ಉರಿ ಸಣ್ಣ ಮಾಡು. ತಲೆ ಅಲ್ಲಾಡಿಸಿದರೆ ನಾನು ದಡ್ಡ. ಕಣ್ಣು ಮುಚ್ಚಿ ಮೂಗು ಅರಳಿಸಿದರೆ ಸಾರು ಕುದ್ದಿದೆ, ಇಳಿಸಬಹುದು. ಎಂ.ಎ. ಓದುವಾಗ ಯಾವ ಪ್ರಾಧ್ಯಾಪಕರೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕಲಿಸಲಿಲ್ಲ. ಆ ಹೊಸ್ತಿಲನ್ನು ನೀನು ಇಪ್ಪತ್ತೆರಡಕ್ಕೆ ಖಾಲಿ ಮಾಡಿಸುತ್ತೀಯಾ? ಅಮ್ಮ ನಿನಗೂ ಅಮ್ಮನೇ, ಇಲ್ಲವೆಂದವರು ಯಾರು? ಆದರೆ ಅವಳು ಹಸಿದಿದ್ದಾಳೆಂದು ಹೇಳಿ ಕರೆದೊಯ್ಯಬೇಡ. ಆ ಮಾತು ಸುಳ್ಳು, ಆ ಸುಳ್ಳಿನ ಮೇಲೆ ಅವಳನ್ನು ನಾನು ಗಾಡಿ ಹತ್ತಿಸುವುದಿಲ್ಲ.

ಈಗ ಸಾಕ್ಷಿಯ ವಿಷಯ. ಅಮ್ಮ ಪಕ್ಕದಲ್ಲಿ ಇರುವವರೆಗೆ ನೀನು ಮುಖ ಸಪ್ಪಗೆ ಮಾಡಿಕೊಂಡು ತೊವ್ವೆ ಅನ್ನ ಕೆದಕುತ್ತಿದ್ದೆ. ಅವಳು ಊಟ ಮುಗಿಸಿ ದೇವರಮನೆಗೆ ಜಪಕ್ಕೆ ಹೋದಳು. ಆಮೇಲೆ, ಅಣ್ಣಾ, ನೀನು ಸಾರು ಹಾಕಿಸಿಕೊಂಡದ್ದು ನಾಲ್ಕು ಸಲ! ಮೂರನೇ ಸಲ ತಟ್ಟೆಯನ್ನೇ ಎತ್ತಿ ಕುಡಿದೆ. ನಾಲ್ಕನೇ ಸಲ ಪಾತ್ರೆಯ ತಳದ ಮಾವಿನ ಹೋಳನ್ನೂ ಬಿಡದೆ ಚೀಪಿ, ಬೆರಳು ನೆಕ್ಕಿ, ‘ಇನ್ನ ಸ್ವಲ್ಪ ಅದ ಏನೋ?’ ಅಂದೆ. ಇರಲಿಲ್ಲ. ನೀಲಾಗೆಂದು ತೆಗೆದಿಟ್ಟದ್ದೂ ನಿನ್ನ ತಟ್ಟೆಗೇ ಬಂದಿತ್ತು. ಅಂಥ ಊಟಕ್ಕೆ ‘ಬಡವರ ಊಟ’ ಎಂದು ಅಮರೇಶಪ್ಪನವರಿಗೆ ಬರೆದ ಕೈ, ಆ ಸಾರು ನೆಕ್ಕಿದ ಕೈಯೇ ಅಲ್ಲವೆ? ಇದಕ್ಕೆ ನಿನ್ನ ಸಚಿವಾಲಯದಲ್ಲಿ ಏನು ಉತ್ತರವಿದೆಯೋ ಬರೆ.

ಆದ್ದರಿಂದ ಟಿಕೆಟ್ಟನ್ನು ಈ ಲಕೋಟೆಯಲ್ಲೇ ಇಟ್ಟು ತಿರುಗಿ ಕಳಿಸುತ್ತಿದ್ದೇನೆ, ರದ್ದು ಮಾಡಿಸಿಕೋ. ನೀಲಾಗೆ ಪ್ರತ್ಯೇಕ ಒಂದು ಕಾಗದ ಬರೆ, ಅಮರೇಶಪ್ಪನವರಿಗೂ ಒಂದು. ಈ ಮನೆಯಿಂದ ಹೋಗುವ ಯಾವ ಕಾಗದವನ್ನೂ ಅಮ್ಮನಿಗೆ ಓದಿ ಹೇಳದೆ ಅಂಟಿಸುವ ಪದ್ಧತಿಯಿಲ್ಲವೆಂದು ನಿನಗೆ ಗೊತ್ತಲ್ಲ. ಇದನ್ನೂ ಇವತ್ತು ಸಂಜೆ ಓದಿ ಹೇಳಿ, ನಾಳೆ ಬೆಳಿಗ್ಗೆ ಡಬ್ಬಿಗೆ ಹಾಕುತ್ತೇನೆ. ವೈನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿನಗೂ ನಮಸ್ಕಾರವೇ, ಆದರೆ ಕಾಲಿಗೆ ಬಾಗದೆ ದೂರದಿಂದ.

ನಿನ್ನ ತಮ್ಮ,
ಗುರುರಾಜ

ತಾ.ಕ.: ಬುಧವಾರ ಬೆಳಿಗ್ಗೆ. ಬಸ್ಸಿಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಟಿಕೆಟ್ಟು ಹುಡುಕಬೇಡ, ಇಲ್ಲ. ನಿನ್ನೆ ದೀಪ ಹಚ್ಚಿದ ಮೇಲೆ ಓದಿದೆ. ಬುಟ್ಟಿಯ ಕಥೆಗೆ ಅಮ್ಮ ಹೊಟ್ಟೆ ಹಿಡಿದು ನಕ್ಕಳು. ಸಾರಿನ ವಿಷಯ ಬಂದಾಗ ನಗು ನಿಂತಿತು. ನಾಲ್ಕು ಬೆರಳೆತ್ತಿ ಹೌದೇನು ಎಂಬಂತೆ ನೋಡಿದಳು. ಹೌದು, ನಾಲ್ಕು ಸಲ ಎಂದು ನಾನು ಗೆದ್ದವನ ಹಾಗೆ ಹೇಳಿದೆ. ಅಮ್ಮ ಎದ್ದು ಬಂದು ಲಕೋಟೆಯಿಂದ ಟಿಕೆಟ್ಟು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದೇವರಮನೆಗೆ ಹೋದಳು. ಇವತ್ತು ಬೆಳಿಗ್ಗೆ ಬಾಯಿ ಬಿಟ್ಟವಳೇ ಅಂದದ್ದು: ‘ಹೊಟ್ಟಿ ತುಂಬಿದ ಮನಷ್ಯಾ ನಾಕು ಸಲ ಸಾರು ಬೇಡ್ತಾನೇನೋ ಹುಚ್ಚಾ? ನನ್ನ ಸೀನ ಅಲ್ಲಿ ಉಪವಾಸ ಇದ್ದಾನ. ನಲಿನಿಗೆ ಮೊಣಕಾಲು, ಸ್ಟೋವಿನ ಮುಂದ ಹೆಂಗ ನಿಲ್ಲತಾಳ? ಹದಿನೈದು ದಿನ ಹೋಗಿ ಅವನ ಕೈಗೂ ಸೌಟು ಕೊಟ್ಟು ಬರ್ತೀನಿ.’ ಎರಡು ಸೇರು ಹೆಸರುಬೇಳೆಯನ್ನೂ ಮಾವಿನ ಹೋಳಿನ ಡಬ್ಬಿಯನ್ನೂ ಈಗಲೇ ಕಟ್ಟಿಟ್ಟಿದ್ದಾಳೆ. ದಿಲ್ಲಿ ನಿಲ್ದಾಣಕ್ಕೆ ನೀನೇ ಹೋಗು, ಯಾರನ್ನೂ ಕಳಿಸಬೇಡ. ಆ ಹೊತ್ತಿಗೆ ಚಾತುರ್ಮಾಸದ ಎರಡನೇ ತಿಂಗಳು, ಅವಳು ಮೊಸರು ಮುಟ್ಟುವುದಿಲ್ಲ. ತಟ್ಟೆಯಲ್ಲಿ ಮೊಸರು ಕಾಣದಿದ್ದರೆ ಯಾರಿಗೂ ಕಾಗದ ಬರೆಯಬೇಡ. ಬರುವ ಟಿಕೆಟ್ಟು ಇವತ್ತೇ ತೆಗೆಸು. ಹದಿನೈದು ದಿನವೆಂದರೆ ಹದಿನೈದೇ. ಅಲ್ಲಿಯತನಕ ಇಲ್ಲಿ ಸಾರು ಕುದ್ದದ್ದು ನನಗೆ ಯಾರು ಹೇಳಬೇಕು?